‘ಹೇನಸ್’ ಪದದ ಉಚ್ಚಾರಣೆ, ಬಳಕೆ: ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಕಬ್ಬಿನಗದ್ದೆ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಹತ್ತನೇ ತರಗತಿ ಹುಡುಗಿಯೊಬ್ಬಳು ತಾಲ್ಲೂಕು ಮಟ್ಟದ ಇಂಗ್ಲಿಷ್ ಭಾಷಣ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ವಿಷಯ ಹೆಣ್ಣುಭ್ರೂಣ ಹತ್ಯೆ, ಸಮಯ 4 ನಿಮಿಷ. ಅವಳೇ ಬರೆದು ತಂದ ಕರಡಿನಲ್ಲಿ ಒಂದೇ ವಿಶೇಷಣ ಆರು ಸಲ ಬಂದಿದೆ: ಎಚ್-ಇ-ಐ-ಎನ್-ಓ-ಯು-ಎಸ್. ಅದನ್ನು ‘ಹೀನಿಯಸ್’ ಎಂದು ಓದುತ್ತಾಳೆ. ಅರ್ಥ ಏನಮ್ಮ ಅಂದರೆ ‘ಹೀನ’ ಅನ್ನುತ್ತಾಳೆ. ಮೊದಲ ಸಾಲುಗಳು ಅವಳು ಬರೆದ ಹಾಗೇ ಇಲ್ಲಿವೆ:

‘ಫೀಮೇಲ್ ಫೀಟಿಸೈಡ್ ಈಸ್ ಎ ವೆರಿ ಹೇನಸ್. ಹೇನಸ್ ಡಾಕ್ಟರ್ಸ್ ಆರ್ ಡೂಯಿಂಗ್ ದಿಸ್ ಹೇನಸ್ ವರ್ಕ್. ಹೇನಸ್ ಮದರ್ಸ್ ಆಲ್ಸೋ ಗೋ ದೇರ್. ಇಟ್ ಈಸ್ ಒನ್ ಆಫ್ ದಿ ಮೋಸ್ಟ್ ಹೇನಸ್ ಕ್ರೈಮ್ ಇನ್ ಅವರ್ ಡಿಸ್ಟ್ರಿಕ್ಟ್.’

ಪದವನ್ನು ತೆಗೆಸಿಬಿಡಲು ಮನಸ್ಸಿಲ್ಲ. ಅದನ್ನು ಎಲ್ಲೋ ಓದಿ, ಇಷ್ಟಪಟ್ಟು ಹಾಕಿದ್ದಾಳೆ. ಸರಿಯಾದ ಉಚ್ಚಾರಣೆ ಏನು, ನಮ್ಮ ‘ಹೀನ’ಕ್ಕೂ ಇದಕ್ಕೂ ಸಂಬಂಧ ಇದೆಯಾ, ಮನುಷ್ಯರಿಗೆ ಹಚ್ಚಬಹುದಾ, ಕಾನೂನಿನಲ್ಲಿ ಇದಕ್ಕೆ ಬೇರೆ ಅರ್ಥ ಇದೆ ಅಂತಾರಲ್ಲ ಅದೇನು? ತಿಳಿದವರು ಬಿಡಿಸಿ ಹೇಳಿ.

ಗಂಗೋತ್ರಿ ಓದುಗ, ಮೈಸೂರು:

ಮೇಡಂ, ಉಚ್ಚಾರಣೆಯಿಂದ ಶುರು ಮಾಡೋಣ. ಎರಡೇ ಉಚ್ಚಾರಾಂಶ: ಹೇ, ನಸ್. ಒತ್ತು ‘ಹೇ’ ಮೇಲೆ. ‘ನಸ್’ ಮೆತ್ತಗೆ, ಗಿಡ್ಡವಾಗಿ ಬರಬೇಕು. ‘ಫೇಮಸ್’ ಅನ್ನುವುದು ಆ ಹುಡುಗಿಗೆ ಗೊತ್ತೇ ಇರುತ್ತದೆ. ಫೇ-ಮಸ್, ಹೇ-ನಸ್. ಅದೇ ತಾಳ, ಅದೇ ಒತ್ತು. ಹತ್ತು ಸಲ ಜೋಡಿಯಾಗಿ ಹೇಳಿಸಿದರೆ ಕೂತುಬಿಡುತ್ತದೆ.

‘ಹೀನಿಯಸ್’ ಬರುವುದಕ್ಕೆ ಕಾರಣ ಎರಡು. ಒಂದು, ‘ಜೀನಿಯಸ್’, ‘ಸೀರಿಯಸ್’, ‘ಪ್ರೀವಿಯಸ್’ ಕಿವಿಯಲ್ಲಿ ಇರುವುದು. ಆ ಪದಗಳ ಕಾಗುಣಿತದಲ್ಲಿ ‘ಓ-ಯು-ಎಸ್’ ಅಥವಾ ‘ಯು-ಎಸ್’ ಹಿಂದೆ ಒಂದು ‘ಐ’ ಇದೆ, ಆ ‘ಯ’ ಬರುವುದು ಅದರಿಂದ. ಹೇನಸ್‌ನಲ್ಲಿ ‘ಎನ್’ ಆದಮೇಲೆ ‘ಐ’ ಇಲ್ಲ. ಹಾಗಾಗಿ ತಪ್ಪಾಗಿ ಉಚ್ಚರಿಸುವವರು ಕೊನೆಗೆ ಕಾಗುಣಿತದಲ್ಲೂ ಇಲ್ಲದ ‘ಐ’ ಸೇರಿಸುತ್ತಾರೆ. ಎರಡನೆಯ ಕಾರಣ ನಡುವಿನ ‘ಇ-ಐ’. ಅದನ್ನು ‘ರಿಸೀವ್’ ಥರ ‘ಈ’ ಅಂತ ಓದುತ್ತಾರೆ. ಇಲ್ಲಿ ಅದು ‘ಏ’. ಏಟ್ ಎಂದರೆ ಎಂಟು, ವೇಟ್ ಎಂದರೆ ತೂಕ, ನೇಬರ್ ಎಂದರೆ ನೆರೆಯವರು, ವೇನ್ ಎಂದರೆ ರಕ್ತನಾಳ. ಇವೆಲ್ಲದರಲ್ಲೂ ‘ಇ-ಐ’ ಇದೆ, ಎಲ್ಲದರಲ್ಲೂ ‘ಏ’ ಎಂದೇ ಓದುತ್ತೇವೆ. ಈ ನಾಲ್ಕನ್ನು ಬೋರ್ಡಿನ ಮೇಲೆ ಬರೆದು ಐದನೆಯದಾಗಿ ಹೇನಸ್ ಬರೆಸಿ.

ಮಂಡ್ಯದ ಕಡೆಯ ಮಕ್ಕಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಹಳ್ಳಿಯ ಮಾತಿನಲ್ಲಿ ‘ಹ’ ಉದುರುತ್ತದೆ: ಹಾಲು ‘ಆಲು’, ಹೋಗು ‘ಓಗು’. ಕನ್ನಡ ಮಾತಾಡುವಾಗ ಅದು ಆ ಸೀಮೆಯ ಸೊಗಸು, ತಿದ್ದುವ ಅಗತ್ಯವೇ ಇಲ್ಲ. ಆದರೆ ಈ ಇಂಗ್ಲಿಷ್ ಪದದ ಬಲವೆಲ್ಲ ಆ ‘ಹ’ದಲ್ಲಿದೆ. ಅಂಗೈಯನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು ಮೊದಲು ‘ಏಟ್’, ಆಮೇಲೆ ‘ಹೇಟ್’ ಹೇಳಿಸಿ. ಎರಡನೆಯದಕ್ಕೆ ಅಂಗೈಗೆ ಬಿಸಿ ಉಸಿರು ತಾಗಬೇಕು. ತಾಗಿದ ಮೇಲೆ ಅದೇ ಉಸಿರಿನಲ್ಲಿ ‘ಹೇನಸ್’. ‘ಹ’ ಗಟ್ಟಿಯಾಗಿ ಇರುವುದರಿಂದಲೇ ಹಿಂದೆ ‘ಎ’ ಬರುತ್ತದೆ, ‘ಆ್ಯನ್’ ಬರುವುದಿಲ್ಲ: ಎ ಹೇನಸ್ ಕ್ರೈಮ್.

‘ಹೇಟ್’ ಎಂಬ ಪದವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಹೇನಸ್ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ, 14ನೇ ಶತಮಾನದ ಕೊನೆಯ ಹೊತ್ತಿಗೆ. ಫ್ರೆಂಚಿನಲ್ಲಿ ‘ಎನ್’ ಎಂದು ಉಚ್ಚರಿಸುವ ಪದಕ್ಕೆ ದ್ವೇಷ ಎಂದರ್ಥ. ಅದರ ಬೇರು ಜರ್ಮಾನಿಕ್ ಭಾಷೆಗಳದ್ದು, ಇಂಗ್ಲಿಷಿನ ‘ಹೇಟ್’ ಕೂಡ ಅದೇ ಬಳ್ಳಿಯ ಕಾಯಿ. ಅಂದರೆ ಹೇನಸ್‌ನ ಮೂಲ ಅರ್ಥ ‘ಕಂಡವರಿಗೆ ದ್ವೇಷ ಹುಟ್ಟಿಸುವಂಥದ್ದು’. ಧ್ವನಿಯಲ್ಲೂ ಅರ್ಥದಲ್ಲೂ ಹೇಟ್, ಹೇನಸ್ ಒಟ್ಟಿಗೇ ಇವೆ. ಮಗು ಇದನ್ನು ಮರೆಯುವುದಿಲ್ಲ.

ನಮ್ಮ ‘ಹೀನ’ಕ್ಕೂ ಇದಕ್ಕೂ ನಂಟಿಲ್ಲ. ಹೀನ ಸಂಸ್ಕೃತದ ‘ಹಾ’ ಧಾತುವಿನಿಂದ ಬಂದದ್ದು: ಬಿಡು, ತೊರೆ. ಬಿಟ್ಟುಹೋದದ್ದು, ಇಲ್ಲದ್ದು, ಕಡಿಮೆಯಾದದ್ದು ಹೀನ. ಬಲಹೀನ, ಮತಿಹೀನ ಎನ್ನುವಾಗ ಯಾರನ್ನೂ ಖಂಡಿಸುತ್ತಿಲ್ಲ, ಏನೋ ಇಲ್ಲ ಎನ್ನುತ್ತಿದ್ದೇವೆ ಅಷ್ಟೆ. ಹೇನಸ್‌ನಲ್ಲಿ ‘ಕಡಿಮೆ’ ಅನ್ನುವ ಎಳೆಯೇ ಇಲ್ಲ. ‘ಹಾ’ ಧಾತುವಿನದೇ ಇನ್ನೊಂದು ಪದ ‘ಹೇಯ’, ತೊರೆಯಬೇಕಾದದ್ದು, ಅಸಹ್ಯವಾದದ್ದು. ಅರ್ಥದಲ್ಲಿ ಇದೇ ಹೆಚ್ಚು ಹತ್ತಿರ. ಸಂಬಂಧಿಯಲ್ಲದಿದ್ದರೂ ‘ಹೇ’ ಎಂಬ ಆರಂಭವನ್ನು ಸರಿಯಾಗಿ ನೆನಪಿಸಿಕೊಡುತ್ತದೆ. ‘ಹೀನ’ ಬಿಡಿಸಿ ‘ಹೇಯ’ ಹಿಡಿಸಿ, ಉಚ್ಚಾರಣೆಯೂ ನೆಟ್ಟಗಾಗುತ್ತದೆ.

ಇನ್ನೂ ಒಂದು ಸೋಜಿಗ: ‘ಹ’ ಉದುರಿಸಿ ‘ಏನಸ್’ ಎಂದರೆ ಅದೇ ಸಂಸ್ಕೃತದಲ್ಲಿ ಪಾಪಕ್ಕಿರುವ ಹಳೆಯ ಪದ. ಬರೀ ಕಾಕತಾಳೀಯ. ಅದನ್ನು ಹಿಡಿದು ವ್ಯುತ್ಪತ್ತಿ ಕಟ್ಟಲು ಯಾರೂ ಹೋಗಬಾರದು.

ಕರಡು ತಿದ್ದುವವರು:

ಮೇಲಿನವರು ಹೀನ, ಹೇಯ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಕನ್ನಡದಿಂದ ಇಂಗ್ಲಿಷಿಗೆ ಬರೆಯುವವರ ಹೆಚ್ಚಿನ ತಪ್ಪುಗಳು ಅಲ್ಲೇ ಹುಟ್ಟುವುದು. ಕ್ರಿಕೆಟ್ ಪುಟದಲ್ಲಿ ‘ಹೀನಾಯ ಸೋಲು’ ಅಂತ ಇರುತ್ತದೆ. ಅದನ್ನು ‘ಹೇನಸ್ ಡಿಫೀಟ್’ ಮಾಡುತ್ತಾರೆ. ಸೋಲುವುದು ಪಾತಕವಲ್ಲ. ಅದು ‘ಹ್ಯುಮಿಲಿಯೇಟಿಂಗ್ ಡಿಫೀಟ್’. ‘ಹೀನಾಯವಾಗಿ ಬೈದರು’ ಎಂಬಲ್ಲಿ ‘ಹೇನಸ್ಲಿ ಸ್ಕೋಲ್ಡೆಡ್’ ಬರೆಯುತ್ತಾರೆ, ಅದೂ ಆಗದು. ‘ಹೀನ ಸ್ಥಿತಿಯಲ್ಲಿದೆ ರಸ್ತೆ’ ಎಂದರೆ ‘ವ್ರೆಚೆಡ್ ಕಂಡಿಷನ್’ ಅಥವಾ ಸುಮ್ಮನೆ ‘ವೆರಿ ಬ್ಯಾಡ್ ಕಂಡಿಷನ್’.

ಹೇನಸ್ ಅಂಟಿಕೊಳ್ಳುವುದು ಕೃತ್ಯಕ್ಕೆ. ಕ್ರೈಮ್, ಆ್ಯಕ್ಟ್, ಅಫೆನ್ಸ್, ಡೀಡ್, ಮರ್ಡರ್, ಅಟ್ಯಾಕ್: ಈ ಆರರ ಜೊತೆ ಬಳಸಿದರೆ ಎಂದೂ ತಪ್ಪಾಗುವುದಿಲ್ಲ. ಕ್ರಿಯಾಪದ ‘ಕಮಿಟ್’. ‘ಡೂ ಎ ಹೇನಸ್ ಕ್ರೈಮ್’ ಅನ್ನುವುದಿಲ್ಲ, ‘ಕಮಿಟ್ ಎ ಹೇನಸ್ ಕ್ರೈಮ್’. ಮನುಷ್ಯರಿಗೆ ಹಚ್ಚಿದರೆ ಕೇಳುವವರಿಗೆ ತೊಡರಿದಂತಾಗುತ್ತದೆ. ಆಳನ್ನೇ ಬಯ್ಯಬೇಕಾದಾಗ ಇಂಗ್ಲಿಷ್ ‘ಡೆಸ್ಪಿಕಬಲ್’, ‘ವಿಕೆಡ್’, ‘ವೈಲ್’ ಅನ್ನುತ್ತದೆ. ಹಾಗಾಗಿ ‘ಹೇನಸ್ ಡಾಕ್ಟರ್ಸ್’, ‘ಹೇನಸ್ ಮದರ್ಸ್’ ಎರಡನ್ನೂ ಅಳಿಸಬೇಕು. ‘ಹೇನಸ್ ವರ್ಕ್’ ಕೂಡ ನಿಲ್ಲುವುದಿಲ್ಲ. ವರ್ಕ್ ಅಂದರೆ ಕೆಲಸ, ದುಡಿಮೆ. ಕನ್ನಡದ ‘ಇಂಥ ಕೆಲಸ ಮಾಡಿದರಲ್ಲ’ ಅನ್ನುವ ‘ಕೆಲಸ’ ಇಂಗ್ಲಿಷಿನಲ್ಲಿ ‘ಆ್ಯಕ್ಟ್’ ಅಥವಾ ‘ಡೀಡ್’ ಆಗುತ್ತದೆ.

‘ಈಸ್ ಎ ವೆರಿ ಹೇನಸ್’ ಎಂಬಲ್ಲಿ ಎರಡು ತೊಡಕು. ಕನ್ನಡದಲ್ಲಿ ‘ದೊಡ್ಡದು’, ‘ಕೆಟ್ಟದ್ದು’ ಅಂತ ಗುಣಪದವೇ ನಾಮಪದದ ಹಾಗೆ ನಿಂತುಬಿಡುತ್ತದೆ. ಇಂಗ್ಲಿಷಿನ ‘ಎ’ ಹಿಂದೆ ಬಂದರೆ ಮುಂದೆ ಒಂದು ನಾಮಪದ ಬರಲೇಬೇಕು. ಇನ್ನು ‘ವೆರಿ’ ವ್ಯಾಕರಣದ ತಪ್ಪಲ್ಲ, ಆದರೆ ಪದವನ್ನು ತೆಳ್ಳಗೆ ಮಾಡುತ್ತದೆ. ಗಟ್ಟಿ ಮೊಸರಿಗೆ ನೀರು ಬೆರೆಸಿದ ಹಾಗೆ. ಒತ್ತು ಬೇಕೇ ಬೇಕು ಅಂದರೆ ‘ಪರ್ಟಿಕ್ಯುಲರ್ಲಿ ಹೇನಸ್’ ಅಥವಾ ‘ಮೋಸ್ಟ್ ಹೇನಸ್’. ನಾಲ್ಕನೆಯ ಸಾಲಿನಲ್ಲಿ ‘ಒನ್ ಆಫ್ ದಿ ಮೋಸ್ಟ್ ಹೇನಸ್’ ಆದಮೇಲೆ ‘ಕ್ರೈಮ್ಸ್’ ಎಂದು ಬಹುವಚನ ಬರಬೇಕು. ‘ಹಲವುಗಳಲ್ಲಿ ಒಂದು’ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿಸಿ, ಬಹುವಚನ ಯಾಕೆ ಎನ್ನುವುದು ಅವಳಿಗೇ ಹೊಳೆಯುತ್ತದೆ.

ಈಗ ತೂಕದ ವಿಚಾರ. ಪರೀಕ್ಷೆಯಲ್ಲಿ ನಕಲು ಹೊಡೆಯುವುದು ‘ಡಿಸಾನೆಸ್ಟ್’. ರೈತನ ಕಬ್ಬನ್ನು ತೂಕದಲ್ಲಿ ಹೊಡೆಯುವುದು ‘ಶೇಮ್‌ಫುಲ್’. ಅಧಿಕಾರದಲ್ಲಿರುವವರು ಕೈಕೆಳಗಿನವರನ್ನು ಹಿಂಸಿಸಿದರೆ ‘ರೆಪ್ರಿಹೆನ್ಸಿಬಲ್’. ನಿಯಮವನ್ನು ಎಲ್ಲರ ಕಣ್ಣೆದುರೇ ಮುರಿದರೆ ‘ಇಗ್ರೀಜಸ್’. ಇದು ಲ್ಯಾಟಿನ್‌ನಲ್ಲಿ ‘ಹಿಂಡಿನಿಂದ ಹೊರಗೆ ಎದ್ದು ಕಾಣುವ’ ಎಂಬ ಪದ, ಒಂದು ಕಾಲಕ್ಕೆ ಹೊಗಳಿಕೆಯಾಗಿತ್ತು, ಈಗ ತಪ್ಪಿಗೆ ಮಾತ್ರ ಅಂಟುತ್ತದೆ. ‘ಅಟ್ರೋಶಸ್’ ಒಂದು ಕಾಲದಲ್ಲಿ ಬಲು ಕ್ರೂರ ಪದ. ಈಗ ಹವಾಮಾನಕ್ಕೂ ಕೈಬರಹಕ್ಕೂ ಬಳಸಿ ಬಳಸಿ ಸವೆದಿದೆ. ಹೇನಸ್ ಹಾಗೆ ಸವೆದಿಲ್ಲ. ಅಮೆರಿಕದ ಹುಡುಗರ ಆಡುಮಾತಿನಲ್ಲಿ ‘ತೀರಾ ಕೆಟ್ಟದಾಗಿದೆ’ ಅನ್ನುವುದಕ್ಕೆ ಬರುತ್ತದೆ ನಿಜ, ಆದರೆ ಬರವಣಿಗೆಯಲ್ಲಿ, ವೇದಿಕೆಯಲ್ಲಿ ಅದಕ್ಕೆ ಕೊಲೆ, ಅತ್ಯಾಚಾರ, ಎಳೆಯರ ಮೇಲಿನ ಕ್ರೌರ್ಯದ ತೂಕವೇ ಉಳಿದಿದೆ. ಬೇಕೆಂದೇ ಮಾಡಿದ್ದು, ಎದುರಿಗಿದ್ದವರು ಕೈಲಾಗದವರು, ಆದ ಹಾನಿ ಹಿಂತಿರುಗಿಸಲಾಗದ್ದು. ಈ ಮೂರೂ ಇದ್ದರೆ ಪದ ತಾನಾಗಿ ಕೂರುತ್ತದೆ. ಕೈತಪ್ಪಿ ಆದ ಅನಾಹುತಕ್ಕೆ ಎಷ್ಟೇ ದೊಡ್ಡದಾದರೂ ಕೂರದು, ಅದಕ್ಕೆ ‘ಟೆರಿಬಲ್’, ‘ಟ್ರ್ಯಾಜಿಕ್’ ಇವೆ.

4 ನಿಮಿಷದ ಭಾಷಣ ಅಂದರೆ ಸುಮಾರು 450 ಪದ. ಅದರಲ್ಲಿ ಹೇನಸ್ ಒಂದೇ ಸಲ ಬರಲಿ. ಅದೂ ಘಟನೆ ಹೇಳಿಯಾದ ಮೇಲೆ. ಮೊದಲೇ ಹೇಳಿಬಿಟ್ಟರೆ ಕೇಳುವವರಿಗೆ ತೀರ್ಪು ಸಿಕ್ಕಿತು, ಮೊಕದ್ದಮೆ ಸಿಗಲಿಲ್ಲ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತು ಎಂಬ ಪ್ರಕರಣ ಬಯಲಾಯಿತಲ್ಲ, ಆ ಹುಡುಗಿಗೆ ಆಲೆಮನೆ ಕಣ್ಣಿಗೆ ಕಟ್ಟಿದ್ದು. ಅದನ್ನೇ ಸಣ್ಣ ಸಣ್ಣ ವಾಕ್ಯದಲ್ಲಿ ಹೇಳಲಿ:

‘ಎ ಸ್ಕ್ಯಾನಿಂಗ್ ಮಷೀನ್ ವಾಸ್ ಕೆಪ್ಟ್ ಇನ್ ಎ ಶೆಡ್ ವೇರ್ ಜ್ಯಾಗರಿ ಈಸ್ ಮೇಡ್. ವಿಮೆನ್ ವರ್ ಬ್ರಾಟ್ ದೇರ್. ಇಫ್ ದಿ ಚೈಲ್ಡ್ ವಾಸ್ ಎ ಗರ್ಲ್, ಶಿ ವಾಸ್ ನಾಟ್ ಅಲೌಡ್ ಟು ಬಿ ಬಾರ್ನ್. ದಿಸ್ ಈಸ್ ಎ ಹೇನಸ್ ಕ್ರೈಮ್.’

ಮೂರನೆಯ ವಾಕ್ಯ ಆದಮೇಲೆ ಒಂದು ಉಸಿರಿನಷ್ಟು ನಿಲ್ಲಬೇಕು. ಕೊನೆಯ ವಾಕ್ಯದಲ್ಲಿ ಕೂಗುವುದು ಬೇಡ. ‘ಹೇ’ ಮೇಲೆ ಒತ್ತು ಬಿದ್ದರೆ ಸಾಕು. ಕೈ ಎತ್ತಿ ಅಭಿನಯಿಸುವುದೂ ಬೇಡ.

ಕೋರ್ಟು ಮೆಟ್ಟಿಲು, ಮೈಸೂರು:

ಕಾನೂನಿನ ಪ್ರಶ್ನೆಗೆ ಉತ್ತರ. ನಿತ್ಯದ ಇಂಗ್ಲಿಷಿನಲ್ಲಿ ಹೇನಸ್ ಎಷ್ಟು ಘೋರ ಎಂಬುದನ್ನು ಕೇಳುವವರ ಮನಸ್ಸು ಅಳೆಯುತ್ತದೆ. ನಮ್ಮ ದೇಶದ ಒಂದು ಕಾಯ್ದೆಯಲ್ಲಿ ಅದಕ್ಕೆ ವರ್ಷದ ಲೆಕ್ಕದ ಅಳತೆ ಇದೆ. 2015ರ ಬಾಲನ್ಯಾಯ ಕಾಯ್ದೆ ಅಪರಾಧಗಳನ್ನು ಮೂರು ಮಾಡಿದೆ. ಗರಿಷ್ಠ ಶಿಕ್ಷೆ 3 ವರ್ಷದವರೆಗೆ ಇದ್ದರೆ ‘ಪೆಟ್ಟಿ’, 3ರಿಂದ 7 ವರ್ಷದ ನಡುವೆ ಇದ್ದರೆ ‘ಸೀರಿಯಸ್’, ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚಿದ್ದರೆ ‘ಹೇನಸ್’. ಇಲ್ಲಿ ‘ಕನಿಷ್ಠ’ ಎಂಬ ಪದವನ್ನು ಗಮನಿಸಿ. 10 ವರ್ಷದವರೆಗೆ ಜೈಲು ಅಂತ ಬರೆದಿದ್ದು, ಕನಿಷ್ಠ ಎಷ್ಟು ಅಂತ ಬರೆದಿಲ್ಲದಿದ್ದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಅಪರಾಧಗಳು ಎಲ್ಲಿಗೂ ಸೇರದೆ ನಡುವೆ ಉಳಿದಿದ್ದವು. 2020ರಲ್ಲಿ ಸುಪ್ರೀಂ ಕೋರ್ಟ್ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಅವನ್ನು ‘ಸೀರಿಯಸ್’ ಎಂದೇ ಎಣಿಸಬೇಕು ಎಂದಿತು, 2021ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ಸೇರಿಸಿತು. ಈ ಗೆರೆಯ ಮೇಲೆ ಒಂದು ಮಗುವಿನ ಬದುಕು ನಿಂತಿರುತ್ತದೆ: 16 ತುಂಬಿದ ಬಾಲಕನ ಮೇಲೆ ಹೇನಸ್ ಅಪರಾಧದ ಆರೋಪ ಬಂದಾಗ ಮಾತ್ರ ಬಾಲನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ನಡೆಸಿ, ವಯಸ್ಕನಂತೆ ವಿಚಾರಣೆಗೆ ಕಳುಹಿಸಬೇಕೇ ಎಂದು ನೋಡುತ್ತದೆ.

ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ವೈದ್ಯರಿಗೆ, ಕೇಂದ್ರ ನಡೆಸುವವರಿಗೆ ಮೊದಲ ಸಲ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ 5 ವರ್ಷ, 50,000. ಬಾಲನ್ಯಾಯದ ಅಳತೆಗೋಲು ಹಿಡಿದರೆ ಇದು ಹೇನಸ್ ಅಲ್ಲ! ಮನಸ್ಸಾಕ್ಷಿಯ ಅಳತೆಯಲ್ಲಿ ಖಂಡಿತ ಹೌದು. ಹಾಗಾಗಿ ಹುಡುಗಿ ‘ಎ ಹೇನಸ್ ಕ್ರೈಮ್’ ಅನ್ನಲಿ, ‘ಹೇನಸ್ ಅಫೆನ್ಸ್ ಅಂಡರ್ ದಿ ಲಾ’ ಅನ್ನದಿರಲಿ. ತೀರ್ಪುಗಾರರಲ್ಲಿ ಯಾರಾದರೂ ವಕೀಲರಿದ್ದರೆ ಅಲ್ಲೇ ಹಿಡಿಯುತ್ತಾರೆ.

‘ಹೇನಸ್ ಮದರ್ಸ್’ ಅಳಿಸಲು ವ್ಯಾಕರಣಕ್ಕಿಂತ ದೊಡ್ಡ ಕಾರಣ ಇದೆ. ಪಿಸಿಪಿಎನ್‌ಡಿಟಿ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಬೇರೆಯದು ಸಾಬೀತಾಗುವವರೆಗೆ, ಗರ್ಭಿಣಿಯನ್ನು ಗಂಡ ಅಥವಾ ನೆಂಟರು ಬಲವಂತ ಮಾಡಿದ್ದರು ಎಂದೇ ನ್ಯಾಯಾಲಯ ಭಾವಿಸಬೇಕು. ಕಾನೂನೇ ತಾಯಿಯ ಪರವಾಗಿ ಹೀಗೆ ನಿಂತಿರುವಾಗ ನಮ್ಮ ಮಕ್ಕಳ ಬಾಯಲ್ಲಿ ಅವಳ ಮೇಲೆ ಕಲ್ಲು ಬೀಳಬಾರದು. ಗರ್ಭಪಾತವನ್ನೇ ಹೇನಸ್ ಎನ್ನುವುದೂ ಬೇಡ. 1971ರ ಕಾಯ್ದೆ ನಿಗದಿತ ವಾರಗಳೊಳಗೆ, ನಿಗದಿತ ಕಾರಣಗಳಿಗೆ ಅದಕ್ಕೆ ಅವಕಾಶ ಕೊಟ್ಟಿದೆ. ಖಂಡಿಸಬೇಕಾದ್ದು ಹೆಣ್ಣು ಎಂಬ ಕಾರಣಕ್ಕೆ ಕೊಲ್ಲುವುದನ್ನು. ಆ ಕಾರಣ ವಾಕ್ಯದಲ್ಲಿ ಇರಲೇಬೇಕು.

ಕರಡಿನ ವಾಕ್ಯಗಳಿಗೆ ಒಂದು ಸೇರ್ಪಡೆ. ಆಲೆಮನೆ ಪ್ರಕರಣ ಆರೋಪದ ರೂಪದಲ್ಲಿ ಹೊರಬಂದದ್ದು. ಆದ್ದರಿಂದ ಮೊದಲಿಗೆ ‘ಅಕಾರ್ಡಿಂಗ್ ಟು ದಿ ಪೊಲೀಸ್’ ಬರಲಿ, ಯಾರ ಹೆಸರೂ ಬೇಡ. ಆರೋಪಿಯ ಬಗ್ಗೆ ಹೇಳುವಾಗ ‘ಅಕ್ಯೂಸ್ಡ್ ಆಫ್ ಎ ಹೇನಸ್ ಕ್ರೈಮ್’. ಕೃತ್ಯ ಘೋರ ಎನ್ನಲು ಯಾರ ಅಪ್ಪಣೆಯೂ ಬೇಡ. ಇಂಥವರೇ ಮಾಡಿದರು ಎನ್ನಲು ಮಾತ್ರ ತೀರ್ಪು ಬೇಕು. ಪತ್ರಿಕೆಗೆ ಓದುಗರ ಪತ್ರ ಬರೆಯುವ ದೊಡ್ಡವರಿಗೂ ಈ ಮಾತು ಅನ್ವಯಿಸುತ್ತದೆ. ಹೆಸರು ಹಿಡಿದು ಬರೆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ಅಂದರೆ ಮಾನನಷ್ಟ, ಎದುರಾಗಬಹುದು.

ಕಬ್ಬಿನಗದ್ದೆ, ಮಂಡ್ಯ:

ಎಲ್ಲರಿಗೂ ಕೈಮುಗಿದೆ. ಅಂಗೈ ಹಿಡಿದು ಏಟ್, ಹೇಟ್ ಹೇಳಿಸುವುದು ತರಗತಿಗೆಲ್ಲ ಆಗುವ ಪಾಠ. ತಿದ್ದಿದ ಭಾಗ ಈಗ ಹೀಗಿದೆ, ಒಮ್ಮೆ ನೋಡಿ:

‘ಅಕಾರ್ಡಿಂಗ್ ಟು ದಿ ಪೊಲೀಸ್, ಎ ಸ್ಕ್ಯಾನಿಂಗ್ ಮಷೀನ್ ವಾಸ್ ಕೆಪ್ಟ್ ಇನ್ ಎ ಶೆಡ್ ವೇರ್ ಜ್ಯಾಗರಿ ಈಸ್ ಮೇಡ್. ವಿಮೆನ್ ವರ್ ಬ್ರಾಟ್ ದೇರ್, ಮೆನಿ ಆಫ್ ದೆಮ್ ಬೈ ಫೋರ್ಸ್. ಟು ಕಿಲ್ ಎ ಚೈಲ್ಡ್ ಬಿಕಾಸ್ ಶಿ ಈಸ್ ಎ ಗರ್ಲ್ ಈಸ್ ಎ ಹೇನಸ್ ಕ್ರೈಮ್.’

ಇನ್ನೊಂದು ಪ್ರಶ್ನೆ. ಇದನ್ನೇ ಕನ್ನಡ ಭಾಷಣಕ್ಕೂ ತರಬೇಕಾಗಿದೆ. ‘ಹೇಯ ಕೃತ್ಯ’ ಸಾಕಾ, ‘ಘೋರ ಅಪರಾಧ’ ಬೇಕಾ, ‘ಪೈಶಾಚಿಕ’ ಅನ್ನಬಹುದಾ?

ಕರಡು ತಿದ್ದುವವರು:

‘ಬಿಕಾಸ್ ಶಿ ಈಸ್ ಎ ಗರ್ಲ್’ ಬಹಳ ಚೆನ್ನಾಗಿ ಬಂದಿದೆ, ಅಲ್ಲಿ ‘ಗರ್ಲ್’ ಮೇಲೂ ಸ್ವಲ್ಪ ಒತ್ತು ಕೊಡಲಿ. ಆದರೆ ‘ಮೆನಿ ಆಫ್ ದೆಮ್ ಬೈ ಫೋರ್ಸ್’ ತೆಗೆಯಿರಿ. ಎಷ್ಟು ಜನರನ್ನು ಬಲವಂತದಿಂದ ಕರೆತಂದರು ಎಂಬ ಲೆಕ್ಕ ನಮ್ಮ ಕೈಯಲ್ಲಿಲ್ಲ. ಬೇಕಿದ್ದರೆ ‘ದಿ ಲಾ ಪ್ರಿಸ್ಯೂಮ್ಸ್ ದಟ್ ದೆ ವರ್ ಕಂಪೆಲ್ಡ್’ ಎಂದು ಹಾಕಿ, ವಕೀಲರು ಹೇಳಿದ 24ನೇ ಸೆಕ್ಷನ್ನಿನ ಮಾತು ಅದೇ.

ಕನ್ನಡಕ್ಕೆ: ಕಾನೂನಿನ ಅರ್ಥದಲ್ಲಿ ಬಂದಾಗ ‘ಘೋರ ಅಪರಾಧ’. ನೈತಿಕ ಖಂಡನೆಗೆ ‘ಹೇಯ ಕೃತ್ಯ’. ‘ಪೈಶಾಚಿಕ’, ‘ರಾಕ್ಷಸೀ’ ಬೇಡ ಅನ್ನುತ್ತೇನೆ. ಮಾಡಿದವರನ್ನು ಪಿಶಾಚಿ ಮಾಡಿಬಿಟ್ಟರೆ ಇದು ನಮ್ಮ ಪಕ್ಕದ ಬೀದಿಯ ಮನುಷ್ಯರು, ಲೆಕ್ಕ ಹಾಕಿ, ದುಡ್ಡು ಎಣಿಸಿಕೊಂಡು ಮಾಡಿದ್ದು ಎಂಬುದು ಮರೆಯಾಗುತ್ತದೆ. ಇನ್ನು ‘ಹೀನ ಕೃತ್ಯ’ ಕನ್ನಡದಲ್ಲಿ ಸರಿಯೇ, ಪತ್ರಿಕೆಗಳಲ್ಲೂ ನಡೆಯುತ್ತದೆ. ಆದರೆ ಈ ಹುಡುಗಿಗೆ ಅದನ್ನು ಕೊಟ್ಟರೆ ವೇದಿಕೆ ಮೇಲೆ ಮತ್ತೆ ‘ಹೀನಿಯಸ್’ಗೆ ಜಾರುವ ಅಪಾಯ ಇದೆ. ಸ್ಪರ್ಧೆ ಮುಗಿಯುವವರೆಗೆ ಎರಡು ಭಾಷೆಯಲ್ಲೂ ‘ಹೇ’ ಇರುವ ಪದವನ್ನೇ ಬಳಸಲಿ.

ಗಂಗೋತ್ರಿ ಓದುಗ, ಮೈಸೂರು:

ಒಂದು ಬಿಟ್ಟುಹೋಗಿತ್ತು. ಭಾಷಣದ ಶೀರ್ಷಿಕೆಯಲ್ಲಿರುವ ‘ಫೀಟಿಸೈಡ್’ ಪದದ ಕಾಗುಣಿತದಲ್ಲಿ ‘ಓ-ಇ’ ಇರುವುದರಿಂದ ಮಕ್ಕಳು ‘ಫೋಟಿಸೈಡ್’ ಅನ್ನುತ್ತಾರೆ. ‘ಓ’ ಬರೆಯುವುದುಂಟು, ಓದುವುದಿಲ್ಲ. ಫೀ-ಟಿ-ಸೈಡ್, ಒತ್ತು ‘ಫೀ’ ಮೇಲೆ. ಅದೂ ‘ಪೀ’ ಆಗದಂತೆ ಕೆಳತುಟಿ ಮೇಲಿನ ಹಲ್ಲಿಗೆ ತಾಗಲಿ. ಭಾಷಣ ಶುರುವಾಗುವುದೇ ಈ ಪದದಿಂದ, ಹೇನಸ್‌ಗಿಂತ ಮೊದಲು ಇದನ್ನು ಸರಿಮಾಡಿಸಿ.